ಮಂಗಟ್ಟೆಗೆ ತಿಳಿಯದ ಸಾಲು

ಜನವರಿ 8, ಬುಧವಾರ

ಕ್ಷಮಿಸಬೇಕು. ಯಾರು ಕ್ಷಮಿಸಬೇಕು ಅಂತ ನನಗೂ ಗೊತ್ತಿಲ್ಲ. ಡೈರಿ ಬರೆಯುವಷ್ಟು ದೊಡ್ಡ ಸಂಗತಿ ನನ್ನ ಹತ್ತಿರ ಯಾವುದೂ ಇಲ್ಲ, ಸುಮ್ಮನೆ ಹಾಳೆ ಖರ್ಚು. ಆದರೆ ಇದನ್ನು ಯಾರಿಗೂ ಹೇಳುವಂತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಡೈರಿ ಕೊಟ್ಟವಳು ಮಾವಶಿ, ನಮ್ಮ ಆಯಿಯ, ಅಂದರೆ ಅಮ್ಮನ, ತಂಗಿ. ಮೌಳಂಗಿ ಹತ್ತಿರದ ಒಂದು ರಿಸಾರ್ಟಿನಲ್ಲಿ ಅಡುಗೆಮನೆ ನೋಡಿಕೊಳ್ಳುತ್ತಾಳೆ. ಪ್ರತಿ ಪುಟದ ಕೆಳಗೆ ರಬ್ಬರ್ ದೋಣಿಯಲ್ಲಿ ಕೂತು ನಗುವವರ ಚಿತ್ರ ಇದೆ. ಅವರ ಮೇಲೆ ನನ್ನ ಗೋಳು.

ಇವತ್ತು ವಿದ್ಯಾವತಿ ಮೇಡಂ ಕ್ಲಾಸಿನಲ್ಲಿ ಅನುವಾದಕ ಎಂದರೇನು ಎಂದು ಹೇಳಿಕೊಟ್ಟರು. ಕಂಪ್ಯೂಟರಿಗೆ ನಮ್ಮ ಮಾತು ತಿಳಿಯದು, ಅದರ ಮಾತು ನಮಗೆ ತಿಳಿಯದು, ನಡುವೆ ಒಂದು ಪ್ರೋಗ್ರಾಂ ನಿಂತು ಸಾಲು ಸಾಲಾಗಿ ಅದನ್ನು ಇದಾಗಿಸುತ್ತದೆ. ಇಲ್ಲಿಯವರೆಗೆ ಸರಿ. ಆಮೇಲೆ ಬೋರ್ಡಿನ ತುಂಬ ಬಾಣದ ಗುರುತುಗಳು ಬಂದವು. ನನಗೆ ಬೋರ್ಡೇ ಕಾಣದಂತಾಯಿತು. "ತಿಳೀತೇನ್ರಿ ಎಲ್ಲಾರಿಗೂ?" ಎಂದು ಮೇಡಂ ಕೇಳಿದರು. "ತಿಳೀತ್ರೀ ಮೇಡಂ" ಎಂದೆವು. ನನ್ನ ದನಿಯೇ ಎಲ್ಲರಿಗಿಂತ ಜೋರಾಗಿತ್ತು. ಒಂದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳಿಗೆ ಆ ಉತ್ತರ ಕೆಮ್ಮಿನಂತೆ ತಾನಾಗಿಯೇ ಬರುತ್ತದೆ. ಮೇಡಂ ನನ್ನ ಕಡೆ ತಿರುಗಿ, ಹಂಗಾದ್ರ ಅಗ್ನೆಸ್ ಅನುವಾದಕ ಬರೀಲಿ ಎಂದುಬಿಟ್ಟರು.

ಸಣ್ಣ ಮಕ್ಕಳಿಗೆ ಪ್ರೋಗ್ರಾಂ ಕಲಿಸುವ ಒಂದು ಪುಟ್ಟ ಭಾಷೆ ಮಾಡಬೇಕು, ಕನ್ನಡದ್ದು. ಮಗು "ಮುಂದೆ 50" ಎಂದು ಬರೆದರೆ ಪರದೆಯ ಮೇಲೆ ಒಂದು ಹಕ್ಕಿ ಗೆರೆ ಎಳೆಯುತ್ತಾ ಮುಂದೆ ಹೋಗಬೇಕು. ಹಕ್ಕಿ, ಬಣ್ಣ, ಪರದೆ ಎಲ್ಲ ನನ್ನ ಜೊತೆ ಓದುವ ತನ್ವೀರನದು. ಅನುವಾದಕ ನನ್ನದು. ಫೆಬ್ರುವರಿ ಒಂದಕ್ಕೆ ದಾಂಡೇಲಿಯಲ್ಲಿ, ನಾನು ಓದಿದ ಅದೇ ಹಾಸ್ಟೆಲಿನ ಹುಡುಗಿಯರ ಮುಂದೆ ಇಡಬೇಕು.

ಇಡೀ ಬಿ.ಸಿ.ಎ.ಯಲ್ಲಿ ನನಗೆ ಈವರೆಗೆ ತಿಳಿದಿರುವುದು ಕ್ಯಾಂಟೀನಿನ ದಾರಿ ಮಾತ್ರ.

ಜನವರಿ 11, ಶನಿವಾರ

ಚೌಕ ಬಂತು. ನಿಜವಾಗಿಯೂ ಬಂತು.

ಹಕ್ಕಿ ಮಂಗಟ್ಟೆಯಂತೆ, ನಮ್ಮ ಕಾಡಿನ ದೊಡ್ಡ ಕೊಕ್ಕಿನ ಹಾರ್ನ್‌ಬಿಲ್. ದಾಂಡೇಲಿ ಅಂದಮೇಲೆ ಮಂಗಟ್ಟೆನೇ ಬೇಕು ಎಂದು ತನ್ವೀರ ಹಟ ಹಿಡಿದು ಬಿಡಿಸಿದ್ದಾನೆ. ಕೊಕ್ಕು ಬಿಟ್ಟರೆ ಮಿಕ್ಕಿದ್ದೆಲ್ಲ ಕಾಗೆ. ಹಾಗೆ ಹೇಳಿದ್ದಕ್ಕೆ, ಬಣ್ಣ ಹಚ್ಚಿದ ಮೇಲೆ ನೋಡು ಎಂದ. ಬಣ್ಣ ಹಚ್ಚಿದ ಕಾಗೆಯಾಯಿತು. ಭಾಷೆಗೂ ಮಂಗಟ್ಟೆ ಎಂದೇ ಹೆಸರು.

ಭಾಷೆಯಲ್ಲಿ ಇರುವುದೇ ಕೆಲವು ಪದ. ಮುಂದೆ, ಬಲಕ್ಕೆ, ಗೆರೆ ಎಳೆಯದೆ ಜಿಗಿಯುವುದಕ್ಕೆ ಹಾರು. ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸಲು "4 ಸಲ" ಎಂದು ಶುರುಮಾಡಿ, ಕೊನೆಗೆ "ಮುಗೀತು" ಎಂದು ಬರೆಯಬೇಕು. ನಾಲ್ಕು ಸಲ ಮುಂದೆ ಹೋಗಿ ಬಲಕ್ಕೆ ತಿರುಗಿದರೆ ಚೌಕ.

ಒಂದೇ ತೊಂದರೆ ಕೆಂಪಕ್ಷರ. ಏನಾದರೂ ತಪ್ಪಾದರೆ ಕಂಪ್ಯೂಟರ್ ಇಂಗ್ಲಿಷಿನಲ್ಲಿ ಒಂದು ಪುಟ ಕೆಂಪು ಕಾರುತ್ತದೆ. ಅದನ್ನು ಕಂಡರೆ ನಾನು ಓದದೆಯೇ ಫೈಲು ಮುಚ್ಚಿಬಿಡುತ್ತೇನೆ. ನಮ್ಮ ಹಾಸ್ಟೆಲಿನ ಹುಡುಗಿಯರಿಗೆ ಅದು ಬೇಡವೇ ಬೇಡ ಅನ್ನಿಸಿತು. ಅದಕ್ಕೆ ಒಂದು ಉಪಾಯ ಮಾಡಿದೆ. ಯಾವ ಸಾಲು ಅನುವಾದಕನಿಗೆ ತಿಳಿಯುವುದಿಲ್ಲವೋ ಅದನ್ನು ಸದ್ದಿಲ್ಲದೆ ದಾಟಿ ಮುಂದಿನ ಸಾಲಿಗೆ ಹೋಗು, ಕೊನೆಗೆ ಹಸಿರಿನಲ್ಲಿ "ಆಯಿತು" ಎಂದು ಹೇಳು. ಈಗ ಎಷ್ಟು ಶಾಂತ! ಇದೊಂದನ್ನು ಮಾತ್ರ ನಾನು ಯಾರನ್ನೂ ನೋಡಿ ಬರೆದಿಲ್ಲ.

ಜನವರಿ 14, ಮಂಗಳವಾರ

ಸಂಕ್ರಾಂತಿ ರಜೆ, ಮನೆಗೆ ಬಂದಿದ್ದೇನೆ. ಹಳಿಯಾಳ ದಾಟುವವರೆಗೆ ಬಸ್ಸಿನ ಮುಂದೆ ಕಬ್ಬಿನ ಟ್ರ್ಯಾಕ್ಟರ್, ಹಿಂದೆ ಕಬ್ಬಿನ ಟ್ರ್ಯಾಕ್ಟರ್.

ಮಾವಶಿಯೂ ಬಂದಿದ್ದಳು. ಅವಳ ರಿಸಾರ್ಟಿನಲ್ಲಿ ರಿಸೆಪ್ಷನ್ ಮೇಜಿಗೆ ಒಬ್ಬ ಹುಡುಗಿ ಬೇಕಂತೆ. ಬಂದವರಿಗೆ ಕೀಲಿ ಕೊಡುವುದು, ಇಂಗ್ಲಿಷಿನಲ್ಲಿ ನಗುವುದು. ಫೆಬ್ರುವರಿ ಮೂರರೊಳಗೆ ಹೇಳಬೇಕು. ಕಾಲೇಜು ಹೇಗೆ ನಡೆದಿದೆ ಎಂದು ಆಯಿ ಕೇಳಿದಳು. ಚೆನ್ನಾಗಿದೆ ಎಂದೆ. ಎಲ್ಲ ತಿಳಿಯುತ್ತದೆಯಾ ಎಂದಳು. ಎಲ್ಲ ತಿಳಿಯುತ್ತದೆ ಎಂದೆ. ಹಾಗಾದರೆ ಆ ಮೇಜಿನ ಮಾತು ಯಾಕೆ ಎಂದು ಮಾವಶಿಯ ಕಡೆ ನೋಡಿದಳು.

ಹಿತ್ತಲಿಗೆ ಹೋಗಿ ಮಾವಶಿಗೆ ಗುಟ್ಟಾಗಿ ಹೇಳಿದೆ: ಒಂದನೇ ತಾರೀಖು ನಮ್ಮ ಅನುವಾದಕ ಮಕ್ಕಳ ಮುಂದೆ ನಡೆದರೆ ಕಾಲೇಜಿನಲ್ಲಿ ಇರುತ್ತೇನೆ, ನಡೆಯದಿದ್ದರೆ ನಿನ್ನ ಮೇಜಿಗೆ ಬರುತ್ತೇನೆ. ಹೇಳಿದ ಮೇಲೆ ಹಗುರಾಯಿತೋ ಭಾರವಾಯಿತೋ ಗೊತ್ತಾಗಲಿಲ್ಲ.

ಜನವರಿ 17, ಶುಕ್ರವಾರ

ಒಂದು ಮನೆ ಬರುತ್ತದೆ. ಐದು ಬರುವುದಿಲ್ಲ.

ಮಕ್ಕಳಿಗೆ ಒಂದು ಓಣಿ ಬಿಡಿಸಿ ತೋರಿಸೋಣ ಎಂದು ತನ್ವೀರ ಹೇಳಿದ್ದ. ಓಣಿ ಎಂದರೆ ಸಾಲಾಗಿ ಐದು ಚೌಕ. ಹೀಗೆ ಬರೆದೆ:

5 ಸಲ
4 ಸಲ
ಮುಂದೆ 50
ಬಲಕ್ಕೆ 90
ಮುಗೀತು
ಹಾರು 60
ಮುಗೀತು

ಒಳಗಿನ ನಾಲ್ಕು ಸಲ ಒಂದು ಚೌಕ ಮಾಡಬೇಕು, ಹೊರಗಿನ ಐದು ಸಲ ಅಂಥ ಐದು ಚೌಕ ಮಾಡಬೇಕು. ಮಂಗಟ್ಟೆ ಒಂದು ಚೌಕ ಬಿಡಿಸಿ, ಒಂದು ಸಲ ಹಾರಿ, ಕೊಕ್ಕು ಮೇಲೆತ್ತಿಕೊಂಡು ನಿಂತಿತು. ಕೆಳಗೆ ಹಸಿರಿನಲ್ಲಿ "ಆಯಿತು".

ಏನು ಆಯಿತು?

50 ತೆಗೆದು 40 ಹಾಕಿದೆ. 5 ತೆಗೆದು 6 ಹಾಕಿದೆ. ಬಲಕ್ಕೆ ತಿರುಗುವುದೇ ತಪ್ಪಿರಬಹುದೆಂದು ಆ ಭಾಗವನ್ನೆಲ್ಲ ಅಳಿಸಿ ಮತ್ತೆ ಬರೆದೆ. ಚೌಕ ಸಣ್ಣದಾಯಿತು. ಅಷ್ಟೇ. ಆಯಿತು, ಆಯಿತು, ಆಯಿತು.

ಜನವರಿ 18, ಶನಿವಾರ

ಒಂದೇ.

ಜನವರಿ 20, ಸೋಮವಾರ

ಮೇಡಂ ಎನ್ನೆಸ್ಸೆಸ್ ಶಿಬಿರಕ್ಕೆ ಹೋಗುತ್ತಿದ್ದಾರೆ, ಜೋಯಿಡಾದ ಒಳಗಿನ ಯಾವುದೋ ಊರಿಗೆ. ಅಲ್ಲಿ ನೆಟ್‌ವರ್ಕ್ ಇಲ್ಲ. ದಿನಾ ಸಂಜೆ ಸಾಮಾನು ತರಲು ಜೀಪು ಜೋಯಿಡಾಕ್ಕೆ ಬರುತ್ತದೆ, ಆಗ ಮಾತ್ರ ಫೋನ್ ನೋಡುತ್ತಾರಂತೆ. ಏನಾದರೂ ಕೇಳುವುದಿದ್ದರೆ ಒಂದೇ ಮೆಸೇಜಿನಲ್ಲಿ ಕೇಳಬೇಕು: ಏನು ಬರಬೇಕಿತ್ತು, ಏನು ಬಂತು, ಎಲ್ಲಿಗೆ ಬಂದು ದಾರಿ ತಪ್ಪಿತು. ಉಳಿದ ಪುರಾಣ ಬೇಡ ಎಂದರು.

ವರಾಂಡದಲ್ಲಿ ನನ್ನನ್ನು ನಿಲ್ಲಿಸಿದರು.

"ಅಗ್ನೆಸ್, ನಿಂದು ಹೆಂಗ ನಡದೈತಿ?"

"ಚಲೋ ನಡದೈತ್ರಿ ಮೇಡಂ."

"ಏನರ ಕೇಳೂದೈತೇನು?"

"ಏನಿಲ್ರಿ."

ಪಕ್ಕದಲ್ಲಿದ್ದ ತನ್ವೀರ ನನ್ನ ಮುಖ ನೋಡಿದ. ಮೇಡಂ ಸಮಾಧಾನದಿಂದ ಹೊರಟರು. ಅವರ ಬ್ಯಾಗು ಗೇಟು ದಾಟುವವರೆಗೂ ಓಡಿಹೋಗಿ ಕೇಳಬೇಕು ಅನ್ನಿಸುತ್ತಿತ್ತು. ಆದರೆ ಏನಂತ ಕೇಳಲಿ? ಏನು ತಿಳಿದಿಲ್ಲ ಎಂದೂ ತಿಳಿದಿರಲಿಲ್ಲ.

ಜನವರಿ 22, ಬುಧವಾರ

ತನ್ವೀರನೊಡನೆ ಜಗಳ. ಬರೆಯಲು ಮನಸ್ಸಿಲ್ಲ. ಬರೆಯುತ್ತೇನೆ.

ಓಣಿ ರೆಡಿಯಾ ಎಂದು ಅವನು ಕೇಳಿದ, ರೆಡಿ ಎಂದೆ. ಸಂಜೆಯೊಳಗೆ ಹೇಗಾದರೂ ಸರಿಹೋಗುತ್ತದೆ ಅಂದುಕೊಂಡಿದ್ದೆ, ಯಾಕೆ ಹಾಗೆ ಅಂದುಕೊಂಡೆನೋ. ಅವನು ಲ್ಯಾಬಿಗೆ ಬಂದು ಓಡಿಸಿದ. ಒಂದೇ ಮನೆ. ಮಿಕ್ಕ ನಾಲ್ಕು ಮನೆಯವರು ಜಾತ್ರೆಗೆ ಹೋಗಿದ್ದಾರಾ ಎಂದ. ನಾನು ನಗಲಿಲ್ಲ. ಅವನು ಇನ್ನೊಮ್ಮೆ ಓಡಿಸಿ, ಹಸಿರಿನ "ಆಯಿತು" ನೋಡಿ, ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡ. ಆಮೇಲೆ ಹೊಸ ಫೈಲಿನಲ್ಲಿ ಒಂದೇ ಒಂದು ಸಾಲು ಬರೆದ: ಗೋಬಿ ಮಂಚೂರಿ ತಿನ್ನು.

ಓಡಿಸಿದ. ಮಂಗಟ್ಟೆ ಕದಲಲಿಲ್ಲ. ಕೆಳಗೆ ಹಸಿರು: ಆಯಿತು.

"ಏನ ತಿಂತೋ ಇದು?" ಎಂದ.

"ಅಗ್ನೆಸ್, ಇದು ಥೇಟ್ ನಿನ್ನಂಗ ಐತಿ ನೋಡು. ಏನ ಹೇಳಿದ್ರೂ ಹ್ಞೂಂ ಅಂತೈತಿ."

ಹಾಸ್ಯಕ್ಕೆ ಹೇಳಿದನೋ ಸಿಟ್ಟಿನಿಂದ ಹೇಳಿದನೋ. ಮಕ್ಕಳು ಹೆದರಬಾರದೆಂದು ಹಾಗೆ ಮಾಡಿದ್ದು ಎಂದೆ. ಅವನು ನಮ್ಮ ಮನೆಮಾತಿಗೆ ತಿರುಗಿದ. ನಾವಿಬ್ಬರೂ ಸಿದ್ದಿ ಜನ, ಕಾಲೇಜಿನಲ್ಲಿ ಬೇರೆಯವರ ಮುಂದೆ ಕನ್ನಡವೇ ಆಡುತ್ತೇವೆ, ಸಿಟ್ಟು ಬಂದಾಗ ಮಾತ್ರ ಅವನು ಮನೆಮಾತಿಗೆ ಬರುತ್ತಾನೆ. ಕೆಲಸ ಆಗಿಲ್ಲ ಎಂದಿದ್ದರೆ ನಾನೂ ಕೂತು ನೋಡುತ್ತಿದ್ದೆ, ಆಗಿದೆ ಅಂದವಳಿಗೆ ಹೇಗೆ ಸಹಾಯ ಮಾಡಲಿ ಎಂದ. ಆರೂವರೆಯ ಬಸ್ಸಿಗೆ ಹೊರಟುಹೋದ.

ಅನುವಾದಕನಲ್ಲಿ ಸರಿಯಾಗಿರುವುದು ಅದೊಂದೇ. ಅದನ್ನೇ ಬೈದುಬಿಟ್ಟ.

ಜನವರಿ 23, ಗುರುವಾರ

ಮಾವಶಿಗೆ ಫೋನ್ ಮಾಡಿ, ಆ ಮೇಜಿನ ಕೆಲಸ ಇನ್ನೂ ಇದೆಯಾ ಎಂದು ಕೇಳಿದೆ. ಇದೆ ಎಂದಳು. ಕಷ್ಟವೇನೂ ಇಲ್ಲವಂತೆ, ಬಂದವರು ಏನು ಕೇಳಿದರೂ ಇಲ್ಲ ಎನ್ನಬಾರದು, ಅಷ್ಟೇ. ಅದು ನಿನಗೆ ಹುಟ್ಟಿನಿಂದ ಬಂದಿದೆ ಬಿಡು ಎಂದು ನಕ್ಕಳು. ಹೊಗಳಿದ್ದು. ಥ್ಯಾಂಕ್ಸ್ ಎಂದೆ.

ಜನವರಿ 25, ಶನಿವಾರ

ದಾಂಡೇಲಿಗೆ ಹೋಗಿದ್ದೆ. ಅಲ್ಲಿನ ಕಂಪ್ಯೂಟರುಗಳಲ್ಲಿ ಮಂಗಟ್ಟೆ ಹಾಕಿ ನೋಡಬೇಕಿತ್ತು. ತನ್ವೀರ ಬರಲಿಲ್ಲ, ನಾನು ಕರೆಯಲೂ ಇಲ್ಲ.

ಹಾಸ್ಟೆಲು ಹಾಗೇ ಇದೆ. ಗೇಟಿನ ಕಿರುಗುಟ್ಟುವಿಕೆಯೂ ಹಾಗೇ ಇದೆ. ಶಾಂತಾದೇವಿ ಅಕ್ಕೋರೇ ಇನ್ನೂ ವಾರ್ಡನ್. ನನ್ನನ್ನು ನೋಡಿ ಖುಷಿಪಟ್ಟರು, ನಮ್ಮ ಅಗ್ನೆಸ್ ಯಾವತ್ತೂ ತ್ರಾಸು ಕೊಟ್ಟ ಹುಡುಗಿಯಲ್ಲ ಎಂದು ಎಲ್ಲರೆದುರು ಹೇಳಿದರು. ಮಧ್ಯಾಹ್ನದ ಊಟಕ್ಕೆ ಪಂಕ್ತಿಯಲ್ಲಿ ಕೂರಿಸಿದರು. ಅನ್ನ ಒಂದು ಸುತ್ತು ಬಂತು. ಅಕ್ಕೋರು ಬಾಗಿಲಲ್ಲಿ ನಿಂತು, "ಸಾಕಾತೇನ್ರೇ?" ಎಂದರು. "ಸಾಕಾತ್ರೀ" ಎಂದರು ಹುಡುಗಿಯರು, ಒಂದೇ ಉಸಿರಿಗೆ. ನಾನೂ ಎಂದೆ. ಬಕೆಟ್ಟು ಒಳಗೆ ಹೋಯಿತು. ಅಕ್ಕೋರು ಕೆಟ್ಟವರಲ್ಲ, ಬೇಕು ಎಂದರೆ ಹಾಕಿಸುತ್ತಿದ್ದರು. ಬೇಕು ಎಂದವರನ್ನು ನಾನು ನೋಡಿಲ್ಲ. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಹೊಟ್ಟೆ ಕೂಗಿ ಎರಡು ಬನ್ ತಿಂದೆ.

ಬರೆಯಬೇಕಾದ್ದು ಅದಲ್ಲ. ಊಟದ ಮೇಲೆ ಹುಡುಗಿಯರು ಕಂಪ್ಯೂಟರ್ ಮುಂದೆ ಕೂತರು. ಚೌಕ ಬಿಡಿಸುವುದು ಹೇಗೆಂದು ಬೋರ್ಡಿನ ಮೇಲೆ ಬರೆದುಕೊಟ್ಟೆ. ಬರೆದರು, ಓಡಿಸಿದರು. ಎಲ್ಲ ಪರದೆಯ ಕೆಳಗೂ ಹಸಿರು "ಆಯಿತು". ಹಿಂದೆ ನಿಂತಿದ್ದ ಅಕ್ಕೋರು, "ಬಂತೇನ್ರೇ?" ಎಂದರು.

"ಬಂತ್ರೀ."

ನಾನು ಒಂದೊಂದೇ ಪರದೆ ನೋಡುತ್ತಾ ಹೋದೆ. ಮೊದಲನೆಯದು ಖಾಲಿ, ಬರೆದ ಸಾಲುಗಳಲ್ಲೆಲ್ಲ ಅಕ್ಷರ ತಪ್ಪಿತ್ತು. ಎರಡನೆಯದರಲ್ಲಿ ಒಂದು ಗೆರೆ. ಅದರಾಚೆಯದು ಖಾಲಿ. ಕಿಟಕಿ ಪಕ್ಕದ ಒಂದರಲ್ಲಿ ಮಾತ್ರ ಚೌಕವಿತ್ತು. ಖಾಲಿ ಪರದೆಯ ಮುಂದೆ ಕೂತ ಹುಡುಗಿಯನ್ನು ಏನು ಬಂತವ್ವಾ ಎಂದು ಕೇಳಿದೆ. ಅವಳು ನನ್ನ ಮುಖ ನೋಡಿದಳು, ಪರದೆ ನೋಡಿದಳು, ಮತ್ತೆ ನನ್ನ ಮುಖ ನೋಡಿ, "ಆಯಿತು ಅಂತ ಬಂತ್ರಿ" ಎಂದಳು.

ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಬಂದೆ. ಅಳು ಬಂದಿರಲಿಲ್ಲ. ಧೂಳು.

ಜನವರಿ 27, ಸೋಮವಾರ

ಆ ಉಪಾಯ ಕಿತ್ತುಹಾಕಿದೆ. ಖಾಲಿ ಪರದೆಗೆ ಆಯಿತು ಎನ್ನುವುದು ಸರಿ ಕಾಣಲಿಲ್ಲ, ಅಷ್ಟೇ.

ಆದರೆ ಕೆಂಪು ಪುಟವೂ ಬೇಡ. ತಿಳಿಯದ ಸಾಲು ಬಂದರೆ ನಿಂತುಕೊಂಡು, ಯಾವ ಸಾಲು ಎಂದು ಸಣ್ಣ ಕಪ್ಪಕ್ಷರದಲ್ಲಿ ಕನ್ನಡದಲ್ಲೇ ಹೇಳು ಎಂದು ಬರೆದೆ. ಯಾವ ಪದದಲ್ಲಿ ಹೇಳಿಸುವುದು ಎಂದು ಬಹಳ ಯೋಚಿಸಿದೆ. "ತಪ್ಪು" ಎಂದರೆ ಬೈದ ಹಾಗೆ. "ದೋಷ" ಎಂದರೆ ಜಾತಕ ನೋಡಿದ ಹಾಗೆ. ಕೊನೆಗೆ "ಈ ಸಾಲು ನನಗೆ ತಿಳಿಯಲಿಲ್ಲ" ಎಂದು ಇಟ್ಟೆ. ಶುರುವೇ ಇಲ್ಲದೆ "ಮುಗೀತು" ಬಂದರೆ "ಯಾವುದು ಮುಗೀತು?" ಎಂದು ಕೇಳಲಿ ಎಂದೂ ಸೇರಿಸಿದೆ.

ಮೊದಲು ತನ್ವೀರನ ಸಾಲನ್ನೇ ಹಾಕಿದೆ. "1ನೇ ಸಾಲು: ಗೋಬಿ ಮಂಚೂರಿ ತಿನ್ನು. ಈ ಸಾಲು ನನಗೆ ತಿಳಿಯಲಿಲ್ಲ." ಅವನು ದೂರದ ಮೇಜಿನಲ್ಲಿ ಬೆನ್ನು ತಿರುಗಿಸಿ ಕೂತಿದ್ದ. ಕರೆದು ತೋರಿಸಿದೆ. ಮುಗುಳ್ನಗೆ ತಡೆಯಲು ಕೆಮ್ಮಿದ. ಅದರ ಪಾಡಿಗೆ ಬಿಡು, ಅದು ಕಾಡಿನ ಹಕ್ಕಿ, ಗೋಬಿ ಎಲ್ಲಿ ತಿಂದಿರುತ್ತದೆ ಎಂದ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ.

ಆಮೇಲೆ ಓಣಿ ಓಡಿಸಿದೆವು. ಒಂದು ಚೌಕ, ಒಂದು ಹಾರು, ಮಂಗಟ್ಟೆ ನಿಂತಿತು. ಕೆಳಗೆ ಬರೆದಿತ್ತು: "7ನೇ ಸಾಲು: ಮುಗೀತು. ಯಾವುದು ಮುಗೀತು? ನನಗೆ ತಿಳಿಯಲಿಲ್ಲ."

ಹತ್ತು ದಿನದಿಂದ ಅದು ಇದನ್ನೇ ಕೇಳುತ್ತಿತ್ತು, ನಾನು ಬಾಯಿ ಮುಚ್ಚಿಸಿದ್ದೆ. ಹೋಗಲಿ. ಯಾಕೆ ತಿಳಿಯಲಿಲ್ಲ ಎಂದು ಇಬ್ಬರೂ ನೋಡಿದೆವು. ಎಲ್ಲಿಂದ ಶುರು, ಇನ್ನೆಷ್ಟು ಸಲ ಬಾಕಿ ಎಂದು ನೆನಪಿಡಲು ನಾನು ಅನುವಾದಕನಿಗೆ ಒಂದು ಡಬ್ಬಿ ಕೊಟ್ಟಿದ್ದೆ. ಒಂದೇ ಡಬ್ಬಿ. "5 ಸಲ" ಬಂದಾಗ ಅದರಲ್ಲಿ ಐದು ಇಡುತ್ತದೆ. ಮುಂದಿನ ಸಾಲಿನಲ್ಲಿ "4 ಸಲ" ಬಂದ ಕೂಡಲೇ ಐದನ್ನು ಚೆಲ್ಲಿ ನಾಲ್ಕು ಇಡುತ್ತದೆ. ನಾಲ್ಕು ಮುಗಿದ ಮೇಲೆ ಡಬ್ಬಿ ಖಾಲಿ. ಹೊರಗಿನ "ಮುಗೀತು" ಬಂದಾಗ ಎಲ್ಲಿಗೆ ಮರಳಬೇಕೆಂದು ಅದಕ್ಕೆ ನೆನಪೇ ಇಲ್ಲ.

ತಪ್ಪು ಸಿಕ್ಕಿತು. ತಲೆ ಇನ್ನೂ ಗಿರ್ರೆನ್ನುತ್ತಿದೆ.

ಜನವರಿ 29, ಬುಧವಾರ

ಎರಡು ಡಬ್ಬಿ ಕೊಟ್ಟೆ. ಹೊರಗಿನದಕ್ಕೆ ಒಂದು, ಒಳಗಿನದಕ್ಕೆ ಒಂದು. ಐದು ಮನೆ ಬಂದವು. ತನ್ವೀರ ಎದ್ದು ನಿಂತು ಶಿಳ್ಳೆ ಹಾಕಿದ, ಲ್ಯಾಬಿನವರು ಗದರಿಸಿದರು.

ಕೂತ ಮೇಲೆ ಅವನೇ ಕೆಡಿಸಿದ. ಒಂದು ಓಣಿ ಸಾಲದು, ಇಂಥ ಮೂರು ಓಣಿ ಇರಲಿ ಎಂದು ಮೇಲೆ "3 ಸಲ", ಕೆಳಗೆ ಇನ್ನೊಂದು "ಮುಗೀತು" ಸೇರಿಸಿದ. ಮಂಗಟ್ಟೆ ಒಂದೇ ಓಣಿ ಬಿಡಿಸಿ ನಿಂತಿತು. "ಯಾವುದು ಮುಗೀತು? ನನಗೆ ತಿಳಿಯಲಿಲ್ಲ." ಮೂರನೇ ಡಬ್ಬಿ ಇಡಬಹುದು. ಮಕ್ಕಳಲ್ಲಿ ಯಾರಾದರೂ ನಾಲ್ಕನೆಯದು ಬರೆದರೆ? ಎಷ್ಟು ಡಬ್ಬಿ ಬೇಕೆಂದು ಮೊದಲೇ ಗೊತ್ತಿಲ್ಲದಾಗ ಡಬ್ಬಿ ಇಡುವುದು ಹೇಗೆ? ಇಡೀ ಮಧ್ಯಾಹ್ನ ಇಬ್ಬರೂ ಹೊಡೆದಾಡಿದೆವು. ಮೊದಲು ಏನೂ ಗೊತ್ತಿರಲಿಲ್ಲ, ಈಗ ಗೊತ್ತಿಲ್ಲದ್ದು ಎಷ್ಟು ದೊಡ್ಡದು ಅಂತ ಗೊತ್ತಾಗಿದೆ. ಇದು ಸುಧಾರಣೆಯೋ ಏನೋ.

"ಮೇಡಮ್ಮಗ ಕೇಳು" ಎಂದ ತನ್ವೀರ.

"ಕೇಳಿದ್ರ, ನನಗ ಏನೂ ತಿಳಿದಿಲ್ಲಂತ ಗೊತ್ತಾಕ್ಕೈತಿ."

"ಗೊತ್ತಾಗ್ಲಿ. ಮಂಗಟ್ಟಿಗೆ ತಿಳೀಲಿಲ್ಲ ಅಂತ ಹೇಳಾಕ ಹಚ್ಚಿದಾಕಿ ನೀನ ಅಲ್ಲೇನು?"

ನಾನು ಬಸ್ಸಿಗೆ ಹೊತ್ತಾಯಿತು ಎಂದೆ. ಬಸ್ಸು ಅವನದು, ನನ್ನದಲ್ಲ. ಅವನು ನಗುತ್ತಾ ಹೋದ.

ಜನವರಿ 30, ಗುರುವಾರ

ಬೆಳಿಗ್ಗೆ ಮಾವಶಿ ಫೋನ್ ಮಾಡಿದಳು. ಮ್ಯಾನೇಜರ್ ಅವಸರ ಮಾಡುತ್ತಿದ್ದಾರೆ, ಬರುತ್ತಾಳೆ ಎಂದು ಹೇಳಿಬಿಡಲಾ ಎಂದಳು. ಬೇಡ ಎಂದೆ. ಅವಳಿಗೆ ಕೇಳಿಸಲಿಲ್ಲವೇನೋ, ಹ್ಞೂಂ ಅಲ್ಲವಾ ಎಂದಳು. ಬೇಡ ಎಂದು ಇನ್ನೊಮ್ಮೆ ಹೇಳಿದೆ. ಅನುವಾದಕ ಸರಿಹೋಯಿತಾ ಎಂದು ಕೇಳಿದಳು. ಇಲ್ಲ ಎಂದೆ. ಮತ್ತೆ ಬೇಡ ಯಾಕೆ ಎಂದಳು. ಶನಿವಾರ ದಾಂಡೇಲಿಯಲ್ಲಿ ಸಿಗುತ್ತೇನೆ ಎಂದೆ.

ಮಧ್ಯಾಹ್ನ ಮೇಡಂಗೆ ಮೆಸೇಜ್ ಬರೆಯಲು ಕೂತೆ. ಮೊದಲನೆಯದು ಹೀಗೆ ಶುರುವಾಯಿತು: ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ ಮೇಡಂ, ನೀವು ಶಿಬಿರದ ಗಡಿಬಿಡಿಯಲ್ಲಿ ಇರುತ್ತೀರಿ, ದೊಡ್ಡ ವಿಷಯವೇನಲ್ಲ, ನನ್ನದೇ ತಪ್ಪಿರಬಹುದು. ಮೊಬೈಲ್ ಪರದೆ ತುಂಬಿತು, ಕೇಳಬೇಕಾದ್ದು ಇನ್ನೂ ಬಂದಿರಲಿಲ್ಲ. ಉಳಿದ ಪುರಾಣ ಬೇಡ ಎಂದಿದ್ದರು. ಅಳಿಸಿದೆ. ಜೀಪು ಜೋಯಿಡಾ ತಲುಪುವುದರೊಳಗೆ ಹೋಗಬೇಕು, ಅದಕ್ಕೆ ಇಲ್ಲಿ ಬರೆದು ನೋಡಿ ಆಮೇಲೆ ಕಳಿಸುತ್ತೇನೆ.

ಮೇಡಂ, ನಮಸ್ಕಾರ. ನಾನು ಫಸ್ಟ್ ಇಯರ್ ಅಗ್ನೆಸ್.
ಮಂಗಟ್ಟೆ ಮೂರು ಓಣಿ ಬಿಡಿಸಬೇಕಿತ್ತು, ಓಣಿಗೆ ಐದು ಮನೆ. ಒಂದೇ ಓಣಿ ಬಿಡಿಸಿ ನಿಲ್ಲುತ್ತದೆ.
"ಸಲ"ದ ಒಳಗೆ "ಸಲ", ಅದರ ಒಳಗೆ ಇನ್ನೊಂದು "ಸಲ" ಬಂದರೆ, ಹೊರಗಿನದು ಎಷ್ಟು ಬಾಕಿ ಇತ್ತೆಂದು ನನ್ನ ಅನುವಾದಕ ಮರೆಯುತ್ತದೆ. ಎರಡರವರೆಗೆ ನೆನಪಿಡುವುದು ಮಾಡಿದ್ದೇನೆ. ಎಷ್ಟು ಬಂದರೂ ನೆನಪಿಡುವಂತೆ ಮಾಡುವುದು ಹೇಗೆ ಅಂತ ನನಗೆ ತಿಳಿದಿಲ್ಲ.
ಶನಿವಾರ ಬೆಳಿಗ್ಗೆ ಮಕ್ಕಳ ಮುಂದೆ ಇಡಬೇಕು. ಇವತ್ತು ಸಂಜೆಯೇ ಉತ್ತರ ಕೊಡಿ.